ಜಮಖಂಡಿ ಕೋರ್ಟಿಗೆ ಹೋದ ಹಂದರ

ಕೋರ್ಟಿನ ತಾರೀಖು ಇದ್ದ ದಿನ ಬನಹಟ್ಟಿಯ ನಮ್ಮವ್ವನ ತವರುಮನೆಯಲ್ಲಿ ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆ ಬದನೆಕಾಯಿ, ಗಟ್ಟಿ ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ. ಕಂಡವರು, ಇವರೇನು ಕೊಲೆ ಕೇಸಿಗೆ ಹೊರಟವರೋ ಎಳ್ಳಮಾಸೆಯ ದಿನ ಭೂತಾಯಿಗೆ ಚರಗದ ಎಡೆ ಚೆಲ್ಲಲು ಹೊಲಕ್ಕೆ ಹೊರಟವರೋ ಎಂದು ಗಲ್ಲಕ್ಕೆ ಕೈ ಹಚ್ಚಬೇಕು. ನಾನು ಮುಧೋಳದಲ್ಲಿ ಹೈಸ್ಕೂಲ್ ಟೀಚರ್. ರಜೆ ಹಾಕಿ, ಬಸ್ಸು ಹಿಡಿದು, ನೇರ ಜಮಖಂಡಿ ಕೋರ್ಟಿಗೆ ಹೋಗಿ ಮುಟ್ಟುತ್ತಿದ್ದೆ. ಮೊದಮೊದಲು ಆ ಬುತ್ತಿಯ ಗಂಟು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಏನಬೇ ಯವ್ವಾ, ನೋಡಿದವ್ರು ಏನಂತಾರ? ಸತ್ತ ಮನಿಯವ್ರು ಹಿಂಗ ಪಂಗತಿ ಹಾಕ್ಕೊಂಡು ಕುಂದರತಾರೇನ?”

“ಹಸಗೊಂಡು ಕುಂತ್ರ ಸತ್ತಾಂವ ಎದ್ದು ಬರತಾನೇನ? ನೀ ಮೊದಲ ಕೈ ತೊಳಕೋ,” ಎನ್ನುತ್ತಿದ್ದಳು ನಮ್ಮವ್ವ. ಬೈದುಕೊಳ್ಳುತ್ತಲೇ ಕೈ ತೊಳೆದು, ಎಲ್ಲರಿಗಿಂತ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದವಳೂ ನಾನೇ.

ಕೇಸು ನಮ್ಮ ಮನೆಯದೇ. ಸತ್ತವನೂ ನಮ್ಮವನು, ಕೊಂದವನೂ ನಮ್ಮವನು. ನಮ್ಮವ್ವನಿಗೆ ಇಬ್ಬರು ತಮ್ಮಂದಿರು. ದೊಡ್ಡಮಾಮಾನಿಗೆ ಹೆಂಡತಿ, ಒಬ್ಬಳೇ ಮಗಳು. ಸಣ್ಣಮಾಮಾ ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಂಡುಕೊಂಡಿದ್ದವನು. ಇಬ್ಬರೂ ಕೂಡಿ ಪವರ್‌ಲೂಮ್ ಓಡಿಸುತ್ತಿದ್ದರು. ಮಗ್ಗದ ಶೆಡ್ಡಿಗೆ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಬೇಕೆಂದು ಸಣ್ಣವನ ಹಟ, ತಾನು ಇರುವವರೆಗೆ ಆಗದೆಂದು ದೊಡ್ಡವನ ಹಟ. ಒಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆದು ಸಣ್ಣವನು ಕಬ್ಬಿಣದ ಸರಳು ಎತ್ತಿ ಅಣ್ಣನ ತಲೆಗೆ ಹೊಡೆದ. ಮಗ್ಗಗಳ ಖಟಪಟದಲ್ಲಿ ಓಣಿಯವರಿಗೆ ಏನೂ ಕೇಳಲಿಲ್ಲ. ಚಹಾ ತೆಗೆದುಕೊಂಡು ಬಂದಿದ್ದ ದೊಡ್ಡಮಾಮಾನ ಮಗಳು ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಕಣ್ಣಾರೆ ಕಂಡವಳು ಅವಳೊಬ್ಬಳೇ. ನನಗೆ ಸಣ್ಣಮಾಮಾನ ಮೇಲೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಇನ್ನು ಆಯಿ. ಅಂದರೆ ನಮ್ಮ ಅಜ್ಜಿ, ಆ ಇಬ್ಬರನ್ನೂ ಹೆತ್ತವಳು. ಒಬ್ಬ ಮಗ ಮಣ್ಣಿಗೆ, ಒಬ್ಬ ಮಗ ಜೈಲಿಗೆ ಹೋದ ಮೇಲೆ ಆಕೆ ಈ ವಿಷಯದಲ್ಲಿ ಬಾಯಿಯೇ ಬಿಟ್ಟಿರಲಿಲ್ಲ. ಆದರೆ ಒಂದು ತಾರೀಖನ್ನೂ ತಪ್ಪಿಸುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ತಲೆ ಬಾಚಿಕೊಂಡು ತಯಾರಾಗಿ, ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದಳು. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಆಕೆ ಬರುವುದು ಸತ್ತ ಮಗನ ಸಲುವಾಗಿಯೋ ಜೈಲಿನಲ್ಲಿರುವ ಮಗನ ಸಲುವಾಗಿಯೋ? ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಾಯಿಬಡಕಿ ಎಂದು ಹೆಸರಾದ ನನಗೂ ಇರಲಿಲ್ಲ.

ಈ ಪ್ರಶ್ನೆ ಎಲ್ಲರಿಗಿಂತ ಹೆಚ್ಚು ಚುಚ್ಚುತ್ತಿದ್ದದ್ದು ದೊಡ್ಡಮಾಮಾನ ಮಗಳನ್ನು. ಹುಟ್ಟಿದಾಗಿನಿಂದ ಆಯಿಯ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗಿ. ಒಂದು ದಿನ ಕೋರ್ಟಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ನನ್ನ ಮುಂದೆ ಬಾಯಿಬಿಟ್ಟಳು.

“ಅಕ್ಕಾ, ನಾ ಕಂಡಿದ್ದು ಕಂಡಂಗ ಹೇಳಿದ್ರ ಆಯಿಗಿ ಇದ್ದೊಬ್ಬ ಮಗಾನೂ ಕೈಬಿಟ್ಟು ಹೊಕ್ಕಾನ. ಆಮ್ಯಾಲ ಆಕಿ ನನ್ನ ಮಾರಿ ನೋಡತಾಳೇನ?”

“ಹೇಳಲಿಲ್ಲಂದ್ರ ನೀ ನಿಮ್ಮಪ್ಪನ ಮಾರಿ ಹೆಂಗ ನೋಡತಿ?” ಎಂದು ಹರಿಹಾಯ್ದೆ.

“ಅಪ್ಪಂದು ಫೋಟೋ ಅಕ್ಕಾ. ಅದು ಸುಮ್ನ ಇರತೈತಿ. ಆಯಿ ಕೂಡ ನಾ ದಿನಾ ಉಣಬೇಕಲ್ಲ.”

ನಾನು ಇನ್ನೊಂದು ಚಹಾ ಹೇಳಿದೆ. ಅವಳು ಕಟಕಟೆ ಹತ್ತಿ ‘ನಾನೇನೂ ನೋಡಿಲ್ಲರಿ’ ಎಂದುಬಿಟ್ಟರೆ ಕೇಸು ಅಲ್ಲಿಗೇ ಮುಗಿದಂತೆ. ನಮ್ಮೆಲ್ಲರ ಜೀವ ಅವಳ ಒಂದು ಮಾತಿನಲ್ಲಿತ್ತು, ಅವಳ ಜೀವ ಆಯಿಯ ಮುಖದಲ್ಲಿತ್ತು.

ಆದರೆ ಅವಳ ಸಾಕ್ಷಿಯ ದಿನ ಬರಬೇಕಲ್ಲ! ಒಂದು ಸಲ ವಕೀಲರಿಲ್ಲ, ಒಂದು ಸಲ ಸಾಹೇಬರು ರಜೆ, ಒಂದು ಸಲ ಆರೋಪಿಯನ್ನು ಕರೆತರಲು ಪೊಲೀಸರಿಲ್ಲ. ತಾರೀಖು ಮುಂದೆ ಹೋಗುತ್ತಲೇ ಇತ್ತು. ಹೋಗಲಿ ಬಿಡಿ, ಅದರಿಂದ ಬೇವಿನ ಮರದ ಕೆಳಗೆ ನಮ್ಮ ಬಳಗ ಬೆಳೆಯಿತು. ಹೊಲದ ಬದುವಿನ ಕೇಸಿನವರು, ಹಾದಿಯ ಕೇಸಿನವರು, ಗಂಡ-ಹೆಂಡತಿ ಕೇಸಿನವರು ಎಲ್ಲ ತಂತಮ್ಮ ಡಬ್ಬಿ ಬಿಚ್ಚಿಕೊಂಡು ಹತ್ತಿರ ಸರಿದರು. ಒಬ್ಬಾಕೆಯ ಉಪ್ಪಿನಕಾಯಿ ಇನ್ನೊಬ್ಬಾಕೆಯ ರೊಟ್ಟಿಗೆ ಸೇರಿತು. ದೊಡ್ಡಮಾಮಾ ಸತ್ತ ಮೇಲೆ ಮೊದಲ ಸಲ ನಮ್ಮತ್ತೆ, ಅಂದರೆ ಆ ಹುಡುಗಿಯ ತಾಯಿ, ಬಾಯಿಗೆ ಸೆರಗು ಹಿಡಿದು ನಕ್ಕದ್ದು ಅದೇ ಮರದ ಕೆಳಗೆ. ನಗಿಸಿದವರು ಬೀಳಗಿ ತಾಲೂಕಿನ ಅನಗವಾಡಿಯ ಒಬ್ಬ ರೈತರು. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ದನಿ. ಪಕ್ಕದ ಹೊಲದವನ ಕೂಡ ಬದುವಿನ ಕೇಸು ನಡೆಸಿ ನಡೆಸಿ ಅವರಿಗೆ ಕೋರ್ಟಿನ ನಾಯಿಗಳೆಲ್ಲ ಪರಿಚಯವಿದ್ದವು.

ಒಂದು ದಿನ ಅವರು ನಮ್ಮ ಹುಡುಗಿ ಬಡಿದ ರೊಟ್ಟಿ ಮುರಿಯುತ್ತ, “ಈ ರೊಟ್ಟಿ ಬಡದ ಕೈ ಯಾರದವ್ವಾ?” ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. “ನನ್ನ ಮಗಾ ಅದಾನ, ಹಾಲಿನ ಡೇರಿಯಾಗ ಕೆಲಸಾ ಮಾಡತಾನ. ಸಿಗರೇಟಿಲ್ಲ, ಎಲಿ-ಅಡಿಕಿ ಇಲ್ಲ. ಉಣ್ಣೂದೊಂದ ಚಟಾ ನೋಡ್ರಿ ಅವಂಗ.”

ಕೊಲೆ ಆದ ಮನೆಯ ಹೆಣ್ಣು ಎಂದು ಎರಡು ಸಂಬಂಧ ಆಗಲೇ ತಿರುಗಿ ಹೋಗಿದ್ದವು. ನಮ್ಮವ್ವ ಅದನ್ನೂ ಮುಚ್ಚಿಡದೆ ಹೇಳಿದಳು. ಆ ಹಿರಿಯರು ರೊಟ್ಟಿಯಿಂದ ಕೈ ತೆಗೆಯದೆ, “ಯವ್ವಾ, ನಿಮ್ಮ ಕೇಸ ನಾ ನಿಮಗಿಂತ ಜಾಸ್ತಿ ಕೇಳೇನಿ. ಹುಡಿಗಿ ಏನ ಮಾಡ್ಯಾಳ ಅದರಾಗ?” ಎಂದರು. ಹೀಗೆ ನಮ್ಮ ಮನೆಯ ಸಂಬಂಧ ಸೆಷನ್ಸ್ ಕೋರ್ಟಿನ ಅಂಗಳದಲ್ಲಿ ಕೂಡಿತು. ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ನಾನೇ ನಂಬುತ್ತಿರಲಿಲ್ಲ.

ಮಾಘದಲ್ಲಿ ಮುಹೂರ್ತ ತೆಗೆಸಿದರು. ಗ್ರಹ ನೋಡಿದರು, ನಕ್ಷತ್ರ ನೋಡಿದರು, ಬಾಡಿಗೆ ಪಾತ್ರೆ ಸಿಗುವ ದಿನವನ್ನೂ ನೋಡಿದರು. ಮದುವೆಯ ಹಿಂದಿನ ದಿನವೇ ಕೋರ್ಟಿನ ತಾರೀಖು ಬಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. “ಅದು ಮುಂದ ಹೊಕ್ಕೈತಿ ತಗೋ,” ಎಂದಳು ನಮ್ಮವ್ವ. ಬೀಗರೂ ಅದನ್ನೇ ಅಂದರು. ಅಷ್ಟು ವರ್ಷ ಕೋರ್ಟು ಸುತ್ತಿದ ಅವರ ಮಾತನ್ನು ನಾವು ಜ್ಯೋತಿಷಿಯ ಮಾತಿಗಿಂತ ಗಟ್ಟಿ ಎಂದು ನಂಬಿದೆವು. ಅಂಗಳದಲ್ಲಿ ಹಂದರ ಎದ್ದಿತು. ಅದರ ಮೊದಲ ಕಂಬಕ್ಕೆ ಅರಿಷಿಣ-ಕುಂಕುಮ ಹಚ್ಚಿ, ಮಾವಿನ ಎಲೆ ಕಟ್ಟಿ, ಪೂಜೆ ಮಾಡಿ ನೆಟ್ಟೆವು. ಹುಡುಗಿಯನ್ನು ಅದರ ಕೆಳಗೆ ಕೂಡಿಸಿ ಹಾಡುತ್ತ, ಕೂಗಾಡುತ್ತ ಅರಿಷಿಣ ಹಚ್ಚಿದೆವು. ನಾನಂತೂ ಎರಡೂ ಕೈಯಿಂದ ಬಳಿದೆ. ಕಿವಿಯ ಹಿಂದೆ ಕೂಡ ಬಿಡಲಿಲ್ಲ.

ಅದೇ ಸಂಜೆ ಸರಕಾರಿ ವಕೀಲರ ಫೋನು ಬಂತು. “ನಾಳೆ ನಿಮ್ಮ ಹುಡುಗಿ ಬರಲೇಬೇಕ್ರಿ. ಇನ್ನ ಮುಂದ ಹಾಕೂದಿಲ್ಲ ಅಂದಾರ ಸಾಹೇಬ್ರು.”

“ನಾಡದು ಮದಿವಿ ಐತ್ರಿ! ಅರಿಷಿಣ ಹಚ್ಚೇವ್ರಿ!” ಎಂದೆ.

“ಹಚ್ಚೂಕಿಂತ ಮೊದಲ ಒಂದ ಮಾತ ನನ್ನ ಕೇಳಬೇಕಲ್ಲ ಟೀಚರ? ಮದಿವಿ ಆಗಿ ಹ್ವಾದ ಮ್ಯಾಲ ಸಾಕ್ಷಿ ಹೇಳಾಕ ಬರತಾಳ ಅಂತ ಏನ ಗ್ಯಾರಂಟಿ? ಕರಕೊಂಡು ಬರ್ರಿ.”

ಹಾಡು ನಿಂತಿತು, ಜಗಳ ಶುರುವಾಯಿತು. ಅರಿಷಿಣ ಹಚ್ಚಿದ ಮದುಮಗಳು ಹಂದರ ಬಿಟ್ಟು ಊರ ಸೀಮೆ ದಾಟುವಂತಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ನಮ್ಮವ್ವ ಸುತರಾಂ ಒಪ್ಪಲಿಲ್ಲ. “ಗಾಳಿ-ಪಾಳಿ ಬಡಕೊಂಡ್ರ ಯಾರ ಜವಾಬ್ದಾರ?” ಎಂದಳು. “ನಿಮ್ಮ ಗಾಳಿಗೆ ಬೆಂಕಿ ಬೀಳ್ಲಿ, ನಾಳೆ ಆಕಿ ಹೋಗಲಿಲ್ಲಂದ್ರ ದೊಡ್ಡಮಾಮಾ ಸತ್ತಿದ್ದು ಸುಳ್ಳಾಕ್ಕೈತಿ!” ಎಂದು ನಾನು ಚೀರಿದೆ. ಅತ್ತೆ ಮೂಲೆಯಲ್ಲಿ ಅಳುತ್ತಿದ್ದಳು. ಹುಡುಗಿಯ ಮುಖ ನೋಡಿದೆ. ಖರೆ ಹೇಳುತ್ತೇನೆ, ಅವಳ ಮುಖದಲ್ಲಿ ಇದ್ದದ್ದು ಬಚಾವಾದೆ ಎನ್ನುವ ಸಮಾಧಾನ. ಹೋಗದೆ ಉಳಿದರೆ ಅವಳು ಏನನ್ನೂ ಹೇಳಬೇಕಿಲ್ಲ. ಅವಳ ಆಯಿ ಅವಳಿಗೆ ಉಳಿಯುತ್ತಾಳೆ.

ಆಯಿ ಗೋಡೆಗೆ ಒರಗಿ ಅಕ್ಷತೆಯ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಹೇಳಿದಳು:

“ಹಂದರ ಬಿಟ್ಟು ಹೋಗಬಾರದು ಅಂತ ಐತಿ. ಹಂದರ ತಗೊಂಡು ಹೋಗಬಾರದು ಅಂತ ಯಾರ ಹೇಳ್ಯಾರ?”

ಕೇಸಿನ ವಿಷಯದಲ್ಲಿ ಆಯಿ ಆಡಿದ ಮೊದಲ ಮಾತು ಅದು. ಯಾವ ಅರ್ಥದಲ್ಲಿ ಆಡಿದಳೋ ತಿಳಿಯಲಿಲ್ಲ. ಮದುವೆಗೆ ವಿಘ್ನ ಬೇಡವೆಂದೋ, ಮೊಮ್ಮಗಳು ಸಾಕ್ಷಿ ಹೇಳಲೆಂದೋ? ಹುಡುಗಿಯ ಮುಖದ ಸಮಾಧಾನ ಮಾತ್ರ ಹಾರಿಹೋಯಿತು.

ಮರುದಿನ ಬೆಳಿಗ್ಗೆ ನೂಲು ಸಾಗಿಸುವ ಟೆಂಪೊ ಬಂತು. ಪೂಜೆ ಮಾಡಿದ ಕಂಬವನ್ನು ಕಿತ್ತು ಟೆಂಪೊದ ಮೂಲೆಗೆ ನಿಲ್ಲಿಸಿ ಹಗ್ಗದಿಂದ ಬಿಗಿದೆವು. ಉಳಿದ ಮೂಲೆಗಳಿಗೆ ಬಿದಿರು, ಮೇಲೆ ತೆಂಗಿನ ಗರಿ, ಸುತ್ತ ಚೆಂಡು ಹೂವಿನ ಸರ. ಕೆಳಗೆ ಜಮಖಾನೆ ಹಾಸಿ ಹುಡುಗಿಯನ್ನು ಕೂಡಿಸಿದೆವು. ಸುತ್ತ ನಾವು, ನಡುವೆ ಬುತ್ತಿಯ ಗಂಟು. ಜಮಖಂಡಿ ರಸ್ತೆಯಲ್ಲಿ ಜನ ನಿಂತು ನಿಂತು ನೋಡಿದರು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಹಾಡು ಜೋರಾಗಿ ಹಚ್ಚಿಕೊಂಡು ನಮ್ಮ ಪಕ್ಕದಲ್ಲೇ ಬಂದ. “ದಿಬ್ಬಣ ಎಲ್ಲಿಗ್ರೀ ಅಕ್ಕಾರ?” ಎಂದು ಕೂಗಿದ.

“ಕೋರ್ಟಿಗೋ ತಮ್ಮಾ!” ಎಂದಳು ನಮ್ಮವ್ವ.

“ಲವ್ ಮ್ಯಾರೇಜೇನ್ರಿ?”

ಅಳುಮೋರೆಯಲ್ಲಿದ್ದ ಅತ್ತೆಗೂ ನಗು ತಡೆಯಲಾಗಲಿಲ್ಲ. ಅವನು ನಾಲ್ಕು ಕಬ್ಬು ಎಳೆದು ನಮ್ಮ ಟೆಂಪೊಕ್ಕೆ ಎಸೆದು ಹೋದ. ಕೊಲೆ ಕೇಸಿಗೆ ಸಾಕ್ಷಿ ಹೇಳಲು ಕಬ್ಬು ಜಗಿಯುತ್ತ ಹೋದವರು ನಾವೇ ಇರಬೇಕು. ನನಗೆ ಅವತ್ತು ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಅಷ್ಟು ದಿನ ನಕ್ಕಿರಲಿಲ್ಲ ನೋಡಿ, ಎಲ್ಲ ಸೇರಿಸಿ ಬಂತು.

ಕೋರ್ಟಿನ ಬಾಗಿಲಲ್ಲಿ ಹೊಸ ತಕರಾರು. ಅರಿಷಿಣದ ಹುಡುಗಿ ಕೈಯಲ್ಲಿ ಕಬ್ಬಿಣ ಹಿಡಿದಿರಬೇಕು, ದೃಷ್ಟಿ ತಾಕಬಾರದೆಂದು. ನಮ್ಮವ್ವ ಅವಳ ಕೈಗೆ ಅಡಿಕೆ ಕತ್ತರಿಸುವ ಅಡಕೊತ್ತು ಕೊಟ್ಟಿದ್ದಳು. ಹೆಣ್ಣು ಪೊಲೀಸಮ್ಮ ಅದನ್ನು ಕಂಡು ಹೌಹಾರಿದಳು.

“ಏನಬೇ ಇದು? ಕೊಲಿ ಕೇಸಿಗೆ ಹತಾರ ಹಿಡಕೊಂಡು ಬಂದೀರಿ?”

“ಹತಾರ ಅಲ್ಲರಿ ಬಾಯಾರ, ಶಾಸ್ತ್ರ ಐತ್ರಿ,” ಎಂದು ನಮ್ಮವ್ವ ಅಂಗಲಾಚಿದಳು. ಆಕೆ ಕೊನೆಗೆ ಅಡಕೊತ್ತು ಇಸಿದುಕೊಂಡು, ತನ್ನ ಅರಿಷಿಣದ ದಿನ ನೆನಪಾಯಿತೋ ಏನೋ, ಸುತ್ತ ನೋಡಿ ತನ್ನ ತುರುಬಿನಿಂದ ಒಂದು ಕಬ್ಬಿಣದ ಪಿನ್ನು ತೆಗೆದು ಹುಡುಗಿಯ ಮುಷ್ಟಿಯಲ್ಲಿಟ್ಟಳು. “ಇದೂ ಕಬ್ಬಿಣನ. ಹಿಡಕೊ, ಹೋಗು,” ಎಂದಳು. ಆ ಪುಣ್ಯಾತ್ಗಿತ್ತಿಯ ಹೊಟ್ಟೆ ತಣ್ಣಗಿರಲಿ.

ಆಯಿ ಎಂದಿನಂತೆ ಒಳಗೆ ಬರಲಿಲ್ಲ. ಟೆಂಪೊದ ಹಂದರದ ಕೆಳಗೇ ಕೂತಳು. ಹುಡುಗಿ ಮೆಟ್ಟಿಲು ಹತ್ತುತ್ತ ತಿರುತಿರುಗಿ ಆ ಕಡೆ ನೋಡಿದಳು.

ಕಟಕಟೆಯಲ್ಲಿ ಹಳದಿ ಮುಖ ಕಂಡು ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. “ಏನಮ್ಮಾ, ಹುಷಾರಿಲ್ಲವೇ? ಕಾಮಾಲೆ ಆಗಿದೆಯೇ?” ಎಂದು ಕೇಳಿದರು. ಮೈಸೂರು ಕಡೆಯವರಿರಬೇಕು.

“ಇಲ್ಲರಿ ಸಾಹೇಬ್ರ, ಆರಾಮದೇನ್ರಿ. ನಾಳೆ ಮದಿವಿ ಐತ್ರಿ,” ಎಂದಳು.

ಇಡೀ ಹಾಲು ನಕ್ಕಿತು. ಪೊಲೀಸರ ನಡುವೆ ನಿಂತಿದ್ದ ಸಣ್ಣಮಾಮಾ ತಟ್ಟನೆ ತಲೆ ಎತ್ತಿ ಅವಳನ್ನು ನೋಡಿದ. ಮದುವೆಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಮುಖದ ಮೇಲೊಂದು ನಗು ಬಂದು, ಅಲ್ಲೇ ಮುರಿದು, ಅಳುವಾಯಿತು. ಅದನ್ನು ಕಂಡು, ಇನ್ನು ಇವಳು ಹೇಳುವುದಿಲ್ಲ ಎಂದುಕೊಂಡೆ.

ಅವಳು ಹೇಳಿದಳು. ಚಹಾದ ತಟ್ಟೆಯಿಂದ ಹಿಡಿದು ಸರಳು ಎತ್ತಿದ ಕೈಯವರೆಗೆ, ಒಂದನ್ನೂ ಬಿಡದೆ ಹೇಳಿದಳು. ಎದುರು ವಕೀಲರು, ಮೊದಲಿನಿಂದಲೂ ಚಿಕ್ಕಪ್ಪನ ಮೇಲೆ ನಿನಗೆ ದ್ವೇಷವಿತ್ತಲ್ಲವೇ ಎಂದು ಕೆದಕಿದರು.

“ಇಲ್ಲರಿ. ನನಗ ಸೈಕಲ್ ಹೊಡಿಯಾಕ ಕಲಿಸಿದಾಂವ ನಮ್ಮ ಕಾಕಾನ. ಅಪ್ಪನ್ನ ಹೊಡದಾಂವನೂ ನಮ್ಮ ಕಾಕಾನರಿ,” ಎಂದಳು. ವಕೀಲರು ಫೈಲು ಮುಚ್ಚಿ ಕೂತರು.

ತೀರ್ಪು ಬಂದದ್ದು ಎಷ್ಟೋ ತಿಂಗಳ ಮೇಲೆ. ಆ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ: ಸಣ್ಣಮಾಮಾನಿಗೆ ಜೀವಾವಧಿ ಆಯಿತು. ಆ ದಿನ ನಮ್ಮ ಮನೆಯಲ್ಲಿ ಯಾರೂ ಗೆದ್ದೆವು ಎನ್ನಲಿಲ್ಲ, ಸೋತೆವು ಎಂದೂ ಅನ್ನಲಿಲ್ಲ. ಅತ್ತೆ ಎಂದಿನಂತೆ ಹೋಗಿ ಮಗ್ಗ ಚಾಲೂ ಮಾಡಿದಳು.

ಸಾಕ್ಷಿ ಮುಗಿಸಿ ಹೊರಗೆ ಬಂದರೆ ಟೆಂಪೊದಲ್ಲಿ ಆಯಿ ಇಲ್ಲ. ಅಂಗಳದ ಆ ತುದಿಯಲ್ಲಿ, ಪೊಲೀಸ್ ವ್ಯಾನಿನ ಹತ್ತಿರ ನಿಂತಿದ್ದಳು. ಮದುವೆಗೆಂದು ಕಟ್ಟಿದ ಬುಂದೆ ಉಂಡಿಯೊಂದನ್ನು ಸಣ್ಣಮಾಮಾನ ಬಾಯಿಗೆ ಇಡುತ್ತಿದ್ದಳು. ಪೊಲೀಸರು ಅತ್ತ ಮುಖ ಮಾಡಿ ನಿಂತಿದ್ದರು. ಅವನು ಅಳುತ್ತ ತಿನ್ನುತ್ತಿದ್ದ.

“ಆತಲ್ಲ ಅಕ್ಕಾ,” ಎಂದಳು ಹುಡುಗಿ. “ಆಯಿ ಯಾರ ಕಡಿಯಾಕಿ ಅಂತ ಗೊತ್ತಾತು.”

ನನಗೆ ಆಯಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಹೋಗಿ ನಾಲ್ಕು ಮಾತು ಅಂದುಬಿಡುತ್ತಿದ್ದೆ, ನಮ್ಮವ್ವ ರಟ್ಟೆ ಹಿಡಿದು ನಿಲ್ಲಿಸಿದಳು. ತಿರುಗಿ ಬರುವಾಗ ಆಯಿ ಟೆಂಪೊದ ಮುಂದಿನ ಸೀಟಿನಲ್ಲಿ ಕೂತಳು. ಹುಡುಗಿ ಹಂದರದ ಕೆಳಗೆ ಮೊಣಕಾಲಿನಲ್ಲಿ ಮುಖ ಇಟ್ಟುಕೊಂಡಳು. ಉಳಿದ ಕಬ್ಬಿಗೆ ಯಾರೂ ಕೈ ಹಚ್ಚಲಿಲ್ಲ. ಮನೆ ಮುಟ್ಟಿದ್ದೇ ಆಯಿ ಒಳಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು. ಆ ದಿನ ಹುಡುಗಿ ಮೊದಲ ಸಲ ನನ್ನ ಮಗ್ಗುಲಲ್ಲಿ ಮಲಗಿದಳು.

ಮದುವೆಯ ಬೆಳಗು ಆ ಬೇಸರವನ್ನೆಲ್ಲ ಬದಿಗೆ ತಳ್ಳಿತು. ಕಂಬವನ್ನು ತಿರುಗಿ ಅಂಗಳದಲ್ಲಿ ನೆಟ್ಟಾಗಿತ್ತು. ಅನಗವಾಡಿಯಿಂದ ಬೀಗರ ದಂಡು ಬಂದಿಳಿಯಿತು. ಬೇವಿನ ಮರದ ಬಳಗವೆಲ್ಲ ಬಂದಿತ್ತು. ಬೀಗರ ಕೂಡ ಬದುವಿನ ಕೇಸು ನಡೆಸುತ್ತಿದ್ದ ಪಕ್ಕದ ಹೊಲದವನೂ ಹೊಸ ಅಂಗಿ ತೊಟ್ಟು ಬಂದಿದ್ದ. “ಕೇಸ ಕೋರ್ಟಿನಾಗ, ಊಟ ಇಲ್ಲಿ,” ಎಂದು ಬೀಗರೇ ಅವನ ಬೆನ್ನಿಗೆ ಬಡಿದು ಪಂಗತಿಗೆ ಕೂಡಿಸಿದರು. ಅಳಿಯನನ್ನು ನೋಡಿದೆ. ತಂದೆ ಸುಳ್ಳು ಹೇಳಿರಲಿಲ್ಲ, ಉಣ್ಣುವ ಚಟ ಮೈಮೇಲೆ ಕಾಣುತ್ತಿತ್ತು. ಹುಡುಗಿ ಮಾತ್ರ ಮುಖ ಕೆಳಗೆ ಹಾಕಿದವಳು ಮೇಲೆ ಎತ್ತಲಿಲ್ಲ.

ಧಾರೆಯ ಹೊತ್ತಿಗೆ ಮದುವೆ ಮಾಡಿಸುವ ಅಯ್ಯನವರು, “ಹುಡಿಗಿ ಕಡೆಯಿಂದ ಯಾರ ಕುಂದರತೀರಿ? ಬರ್ರಿ ಲಗೂ,” ಎಂದರು. ನಮ್ಮವ್ವ, ನಮ್ಮಪ್ಪ ಕೂರುವುದೆಂದು ಮೊದಲೇ ಮಾತಾಗಿತ್ತು. ಅವರು ಏಳುವಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಆಯಿ ಬಂದಳು. ನೇರ ಬಂದವಳೇ ಧಾರೆ ಎರೆಯುವವರ ಮಣೆಯ ಮೇಲೆ ಕೂತುಬಿಟ್ಟಳು.

ಬಾಜಾ ಬಜಂತ್ರಿಯವರೂ ನಿಲ್ಲಿಸಿದರು. ನಮ್ಮವ್ವ ಓಡಿಬಂದು ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿತು. “ಯವ್ವಾ, ಏಳ ನೀ. ಗಂಡ ಇಲ್ಲದಾಕಿ ಇಲ್ಲಿ ಕುಂದರಬಾರದು. ಅಪ್ಪ ಇಲ್ಲಂದ್ರ ಕಾಕಾ ಧಾರಿ ಎರಿಯೂದು ಪದ್ಧತಿ. ಅದೂ ಆಗಂಗಿಲ್ಲಂದ್ರ ನಾವ ಅದೇವಲ್ಲ.”

“ಪದ್ಧತಿ ನನಗ ಹೇಳಬ್ಯಾಡ,” ಎಂದಳು ಆಯಿ. “ಆಕಿ ಅಪ್ಪನ್ನ ಹಡದಾಕಿ ನಾನು. ಕಾಕಾನ್ನ ಹಡದಾಕೀನೂ ನಾನು. ಇಬ್ರ ಬದ್ಲಿ ಕುಂತೇನಿ. ಇನ್ನ ಯಾರ ಬರಬೇಕಾಗಿತ್ತು?”

ಅಯ್ಯನವರು ಬೀಗರ ಮುಖ ನೋಡಿದರು. ಬೀಗರು ರುಮಾಲು ಸರಿಮಾಡಿಕೊಂಡು, “ಹೊಡೀರೋ ಬಾಜಾ!” ಎಂದು ಗುಡುಗಿದರು.

ಆಯಿ ಮೊಮ್ಮಗಳ ಗದ್ದಕ್ಕೆ ಕೈ ಹಚ್ಚಿದಳು. “ನಿನ್ನಿ ನೀ ಹೇಳಿದ್ದೆಲ್ಲಾ ಕಿಡಕಿ ಹೊರಗ ನಿಂತು ಕೇಳೇನಿ. ಆಂವ ನನ್ನ ಮಗಾ, ಅವಂಗ ಉಂಡಿ ತಿನಸೇನಿ. ನಿಮ್ಮಪ್ಪನೂ ನನ್ನ ಮಗಾನ. ಅವನ ಪರ ಒಂದ ಮಾತ ಆಡಾಕ ನನಗ ಬಾಯಿ ಬರಲಿಲ್ಲ, ನೀ ಆಡಿದಿ. ಮಾರಿ ಮ್ಯಾಲ ಮಾಡ ಯವ್ವಾ, ನಾ ನೋಡಬೇಕು.”

ಹುಡುಗಿ ಮುಖ ಎತ್ತಿದಳು. ಆಯಿ ಅವಳನ್ನು ನೋಡುತ್ತಲೇ ಧಾರೆ ಎರೆದಳು. ನೀರೆಲ್ಲ ಕೈಯಾಚೆ ಹರಿದು ಅಳಿಯನ ಧೋತರ ತೊಯ್ದುಹೋಯಿತು. ಅಯ್ಯನವರು ಇನ್ನೊಂದು ತಂಬಿಗೆ ನೀರು ತರಿಸಿದರು.